ಊರಿನ ಕುಡಿಯುವ ನೀರಿನ ಸಮಿತಿಗೆ ಹೆಗಲು ಕೊಡುವುದು ಹೇಗೆ?

ಮಾರ್ಚ್ ಕೊನೆಗೆ ನಮ್ಮ ಕಡೆ ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲೇ ಬರುವ ಮಾತು ಒಂದೇ: "ನಿಮ್ಮಲ್ಲಿ ನೀರು ಉಂಟಾ?" ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಕಾಸರಗೋಡು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂಗಳದಲ್ಲೇ ಒರತೆ ಏಳುತ್ತದೆ. ಅದೇ ಮನೆಯವರು ಏಪ್ರಿಲ್‌ನಲ್ಲಿ ಕೊಡಪಾನ ಹಿಡಿದು ಕಾಯುತ್ತಾರೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬೈಲಿಗೆ ಬಿಡುತ್ತದೆ. ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ದಾರಿ ಬಹಳ ಚಿಕ್ಕದು.

ಈ ಗುಡ್ಡೆಗಳ ಮೇಲೆ ನಲವತ್ತು, ಅರವತ್ತು, ನೂರು ಮನೆಗಳ ಸಣ್ಣ ಸಣ್ಣ ನೀರಿನ ಯೋಜನೆಗಳಿವೆ. ಒಂದು ಬಾವಿ ಅಥವಾ ಬೋರ್‌ವೆಲ್, ಒಂದು ಪಂಪು, ಎತ್ತರದಲ್ಲೊಂದು ಟ್ಯಾಂಕಿ, ಒಂದಷ್ಟು ಪೈಪು. ಕೆಲವು 2000ದ ನಂತರ ವಿಶ್ವಬ್ಯಾಂಕಿನ ನೆರವಿನ ಜಲನಿಧಿ ಯೋಜನೆಯಲ್ಲಿ ಬಂದವು. ಕೆಲವು 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಬಂದವು. ಇನ್ನು ಕೆಲವನ್ನು ಪಂಚಾಯತಿಯೇ ಮಾಡಿಕೊಟ್ಟಿದೆ. ಜಲನಿಧಿಯಲ್ಲಿ ಕಟ್ಟುವ ಖರ್ಚಿನಲ್ಲಿ ಊರವರದ್ದೂ ಪಾಲಿತ್ತು. ನಡೆಸುವ ಖರ್ಚು ಪೂರ್ತಿ ಊರವರದ್ದೇ. ಹಾಗಾಗಿ ಪಂಪು ಕೆಟ್ಟರೆ ಓಡಿ ಬರಲು ಮೇಲಿನವರು ಯಾರೂ ಇಲ್ಲ.

ಅಂಥ ಒಂದು ಯೋಜನೆಯ ಸಮಿತಿಯಲ್ಲಿ ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ. 62 ಮನೆ. ಶುರುವಿನಲ್ಲಿ ನನಗೆ ಪಂಪಿನ ಸ್ವಿಚ್ಚು ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಆ ವರ್ಷಗಳಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಬಾವಿ ಬತ್ತಿ ನಿಂತ ಯೋಜನೆಗಳಿಗಿಂತ, ಪಂಪು ಬಿಡುವವನ ಬೆನ್ನಿಗೆ ಯಾರೂ ಇಲ್ಲದೆ ನಿಂತ ಯೋಜನೆಗಳೇ ಜಾಸ್ತಿ. ನೀವು ಸಮಿತಿಯಲ್ಲಿರಬಹುದು, ವಾರ್ಡ್ ಸದಸ್ಯರಾಗಿರಬಹುದು, ಗಲ್ಫಿನಿಂದ ಊರಿಗೆ ಏನಾದರೂ ಮಾಡಬೇಕು ಎಂದುಕೊಂಡವರಾಗಿರಬಹುದು. ಎಲ್ಲಿಂದ ಶುರು ಮಾಡುವುದು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಪಂಪಿನ ಅಣ್ಣನ ಜೊತೆ ಒಂದು ದಿನ

ಹಣ ಕೊಡುವುದಕ್ಕೂ ಮೊದಲು, ಮೀಟಿಂಗ್ ಕರೆಯುವುದಕ್ಕೂ ಮೊದಲು ಇದನ್ನು ಮಾಡಿ. ಬೆಳಗ್ಗೆ ಐದಕ್ಕೆ ಪಂಪು ಬಿಡುವವರ ಜೊತೆ ಹೊರಡಿ. ಎಲ್ಲೂ ಸಲಹೆ ಕೊಡಬೇಡಿ, ಸುಮ್ನೆ ನೋಡಿ. ಅವರು ಪಂಪು ಹಾಕುತ್ತಾರೆ, ಪೈಪಿಗೆ ಕೈ ಇಟ್ಟು ನೋಡುತ್ತಾರೆ, ಗುಡ್ಡೆ ಹತ್ತಿ ಟ್ಯಾಂಕಿ ನೋಡುತ್ತಾರೆ, ಇಳಿದು ವಾಲ್ವ್ ತಿರುಗಿಸುತ್ತಾರೆ. ಮೇಲಿನ ಮನೆಗಳಿಗೆ ಇಷ್ಟು ಹೊತ್ತು, ಕೆಳಗಿನ ಮನೆಗಳಿಗೆ ಇಷ್ಟು ಹೊತ್ತು ಎಂಬ ಲೆಕ್ಕ ಪೂರ್ತಿ ಅವರ ತಲೆಯಲ್ಲಿದೆ.

ನಡೆಯುತ್ತಲೇ ಒಂದು ಕಾಗದದಲ್ಲಿ ನಕ್ಷೆ ಬರೆಯಿರಿ. ಚಂದ ಬೇಕಾಗಿಲ್ಲ. ಬಾವಿ, ಪಂಪು ಶೆಡ್ಡು, ಟ್ಯಾಂಕಿ, ಪೈಪು ಹೋದ ದಾರಿ, ಪ್ರತಿ ವಾಲ್ವ್ ಎಲ್ಲಿದೆ ಎಂಬುದು ಇದ್ದರೆ ಸಾಕು. "ದೈವಸ್ಥಾನದ ಕಟ್ಟೆಯಿಂದ ಹನ್ನೆರಡು ಹೆಜ್ಜೆ, ಹಲಸಿನ ಮರದ ಬುಡದಲ್ಲಿ" ಅಂತ ಗುರುತು ಬರೆಯಿರಿ. ನಮ್ಮಲ್ಲಿ ಎರಡು ವಾಲ್ವ್ ರಸ್ತೆ ಅಗಲ ಮಾಡುವಾಗ ಡಾಮರಿನ ಅಡಿಗೆ ಹೋಗಿದ್ದವು. ಅವು ಎಲ್ಲಿವೆ ಎಂದು ಗೊತ್ತಿದ್ದದ್ದು ಒಬ್ಬರಿಗೇ.

ಒಂದು ನೋಟುಪುಸ್ತಕ, ಐದು ಕಾಲಂ

ಅಂಗಡಿಯಲ್ಲಿ ಸಿಗುವ ಇನ್ನೂರು ಪುಟದ ನೋಟುಪುಸ್ತಕ ಸಾಕು. ಪಂಪು ಶೆಡ್ಡಿನಲ್ಲೇ ದಾರ ಕಟ್ಟಿ ನೇತು ಹಾಕಿ, ಜೊತೆಗೆ ಪೆನ್ನೂ ಇರಲಿ. ದಿನಾ ಬರೆಯಬೇಕಾದ್ದು: ಪಂಪು ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು, ವೋಲ್ಟೇಜು, ಆಂಪಿಯರ್, ವಿದ್ಯುತ್ ಮೀಟರಿನ ಅಂಕಿ. ತಿಂಗಳಿಗೊಮ್ಮೆ, ಪಂಪು ಹಾಕುವ ಮೊದಲು, ಬಾವಿಯ ನೀರಿನ ಮಟ್ಟ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆದರೆ ಆಯಿತು.

ಇದರಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಆಂಪಿಯರ್ ಅಂಕಿ ಪಂಪಿನ ನಾಡಿ ಇದ್ದ ಹಾಗೆ. ದಿನಾ ಹೆಚ್ಚುಕಮ್ಮಿ ಒಂದೇ ಇರಬೇಕು. ವೋಲ್ಟೇಜು ಸರಿ ಇದ್ದೂ ಆಂಪಿಯರ್ ಏರುತ್ತಾ ಹೋದರೆ ಒಳಗೆ ಬೇರಿಂಗ್ ಸವೆದಿರಬಹುದು, ಮರಳು ಸಿಕ್ಕಿರಬಹುದು. ಥಟ್ಟನೆ ಇಳಿದರೆ ನೀರಿನ ಮಟ್ಟ ಕೆಳಗೆ ಹೋಗಿ ಪಂಪು ಗಾಳಿ ಎಳೆಯುತ್ತಿರಬಹುದು. ಎರಡಕ್ಕೂ ಆಗಲೇ ನಿಲ್ಲಿಸಿ ನೋಡಿದರೆ ಸಣ್ಣ ಖರ್ಚು. ನೋಡದಿದ್ದರೆ ಮೋಟಾರು ಸುಡುತ್ತದೆ. ಅದೂ ಸರಿಯಾಗಿ ಏಪ್ರಿಲ್‌ನಲ್ಲೇ ಸುಡುತ್ತದೆ, ರಿವೈಂಡಿಂಗ್ ಅಂಗಡಿಯ ಮುಂದೆ ಸಾಲು ಇರುವಾಗ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಅಡಿಕೆ ತೋಟದ ಸ್ಪ್ರಿಂಕ್ಲರ್‌ಗಳು ಒಟ್ಟಿಗೆ ಹಾಕಿದ ಹೊತ್ತಿಗೆ ವೋಲ್ಟೇಜು ಬೀಳುತ್ತದೆ. ಪುಸ್ತಕ ಹದಿನೈದು ದಿನ ಬರೆದರೆ ಯಾವ ಹೊತ್ತು ಪಂಪಿಗೆ ಒಳ್ಳೆಯದು ಎಂದು ಅಂಕಿಯೇ ಹೇಳುತ್ತದೆ.

ರಾತ್ರಿ ಹತ್ತರಿಂದ ಬೆಳಗಿನ ನಾಲ್ಕು

ಸೋರಿಕೆ ಹಿಡಿಯುವ ಈ ಕೆಲಸ ನನಗೆ ಬಹಳ ಇಷ್ಟ. ಖರ್ಚು ಏನೂ ಇಲ್ಲ. ಒಂದು ಬಿದಿರಿನ ಕೋಲು, ಒಂದು ಟೇಪು, ಒಂದು ಟಾರ್ಚು, ಇಬ್ಬರು ಜನ.

ಮೊದಲು ಟ್ಯಾಂಕಿ ತುಂಬಿಸಿ, ಹೊರಗೆ ಹೋಗುವ ವಾಲ್ವ್ ಮುಚ್ಚಿ ಒಂದು ಗಂಟೆ ಬಿಡಿ. ಮಟ್ಟ ಇಳಿದರೆ ಟ್ಯಾಂಕಿಯೇ ಸೋರುತ್ತಿದೆ, ಅಥವಾ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಇಳಿಯದಿದ್ದರೆ ಮುಂದಿನ ಕೆಲಸಕ್ಕೆ ಹೋಗಿ. ಎಲ್ಲ ಮನೆಗಳಿಗೂ ಹಿಂದಿನ ದಿನವೇ ಹೇಳಿರಬೇಕು, ರಾತ್ರಿ ಹತ್ತರ ನಂತರ ನಲ್ಲಿ ತೆರೆಯಬೇಡಿ ಅಂತ. ತೇಲು ಬುರುಡೆಯ ವಾಲ್ವ್ ಹಾಕಿದ ಮನೆಗಳಲ್ಲಿ ರಾತ್ರಿ ಸದ್ದಿಲ್ಲದೆ ನೀರು ತುಂಬುತ್ತಿರುತ್ತದೆ. ಅವರಿಗೆ ಮನೆಯ ಮುಖ್ಯ ನಲ್ಲಿಯನ್ನೇ ಮುಚ್ಚಲು ಹೇಳಿ. ಆಮೇಲೆ ಟ್ಯಾಂಕಿಯ ವಾಲ್ವ್ ತೆರೆದು, ಕೋಲು ಇಳಿಸಿ ಮಟ್ಟ ಗುರುತು ಮಾಡಿ, ನಾಲ್ಕು ಗಂಟೆಗೆ ಮತ್ತೆ ನೋಡಿ.

ನಮ್ಮ ಟ್ಯಾಂಕಿಯ ಒಳಗಿನ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಆ ರಾತ್ರಿ ಕೋಲಿನಲ್ಲಿ ಒದ್ದೆ ಗುರುತು 14 ಸೆಂಟಿಮೀಟರ್ ಕೆಳಗೆ ಹೋಗಿತ್ತು. ಲೆಕ್ಕ ಹಾಕಿದರೆ 1680 ಲೀಟರ್. ಆರು ಗಂಟೆಗೆ ಅಷ್ಟಾದರೆ ದಿನಕ್ಕೆ 6720. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿಯುತ್ತದೆ. ಮನೆಗೆ ಐದು ಜನ ಎಂದರೆ ನಮ್ಮ 62 ಮನೆಗೆ ಬೇಕಾದ್ದು 17,050 ಲೀಟರ್. ಅಂದರೆ ಬೇಕಾದ ನೀರಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮಣ್ಣಿಗೆ ಹೋಗುತ್ತಿತ್ತು. ನಾವು ಮಾತ್ರ ಮೀಟಿಂಗಿನಲ್ಲಿ ಕೂತು ಹೊಸ ಬೋರ್‌ವೆಲ್‌ಗೆ ಅರ್ಜಿ ಬರೆಯುತ್ತಿದ್ದೆವು.

ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಒಂದೊಂದೇ ಕವಲಿನ ವಾಲ್ವ್ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಮಟ್ಟ ಇಳಿಯುವುದು ನಿಲ್ಲುತ್ತದೋ ಆ ಕವಲಿನಲ್ಲೇ ಇದೆ. ನಂತರ ಕಬ್ಬಿಣದ ಸರಳನ್ನು ಪೈಪಿಗೆ ತಾಗಿಸಿ ಇನ್ನೊಂದು ತುದಿಗೆ ಕಿವಿ ಕೊಡಿ. ರಾತ್ರಿಯ ಮೌನದಲ್ಲಿ ಸುಯ್ ಎನ್ನುವ ಸದ್ದು ಕೇಳುತ್ತದೆ. ಹಗಲಿನಲ್ಲಿ ಹುಡುಕುವವರಿಗೆ ಇನ್ನೊಂದು ಗುರುತು: ಏಪ್ರಿಲ್‌ನಲ್ಲಿ ಎಲ್ಲ ಕಡೆ ಹುಲ್ಲು ಒಣಗಿ ಕೆಂಪಾದಾಗ ಪೈಪಿನ ದಾರಿಯಲ್ಲಿ ಒಂದು ಮೊಳ ಜಾಗ ಮಾತ್ರ ಹಸಿರಾಗಿದ್ದರೆ ಅಲ್ಲಿ ಅಗೆಯಿರಿ. ನಮ್ಮ ಸೋರಿಕೆ ಸಿಕ್ಕಿದ್ದು ಹಾಗೆಯೇ, ಒಂದು ತೋಟದ ಬೇಲಿಯ ಬುಡದಲ್ಲಿ, ಹಸಿರು ಗರಿಕೆಯ ಅಡಿಯಲ್ಲಿ. ಒಂದು ಜಾಯಿಂಟು ಸಡಿಲವಾಗಿತ್ತು, ಅಷ್ಟೇ.

ಬ್ಲೀಚಿಂಗ್ ಪೌಡರ್: ಅಂದಾಜು ಬೇಡ, ಲೆಕ್ಕ ಬೇಕು

"ಒಂದು ಚಿಪ್ಪು ಹಾಕಿ ಬಿಡಿ" ಎಂಬುದು ನಮ್ಮಲ್ಲಿ ಎಲ್ಲೆಲ್ಲೂ ಕೇಳುವ ಮಾತು. ಚಿಪ್ಪು ಎಷ್ಟು ದೊಡ್ಡದು, ಬಾವಿಯಲ್ಲಿ ನೀರು ಎಷ್ಟಿದೆ, ಪೌಡರ್ ಯಾವಾಗ ತಂದದ್ದು ಎಂದು ಯಾರೂ ಕೇಳುವುದಿಲ್ಲ. ಜಾಸ್ತಿ ಹಾಕಿದರೆ ವಾಸನೆಗೆ ಜನ ಆ ನೀರು ಬಿಟ್ಟು ತೋಡಿನ ನೀರು ಕುಡಿಯುತ್ತಾರೆ. ಕಮ್ಮಿಯಾದರೆ ಹಾಕಿದ್ದೇ ವ್ಯರ್ಥ.

ದುಂಡನೆಯ ಬಾವಿಯ ನೀರಿನ ಲೆಕ್ಕ ಹೀಗೆ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಲೀಟರ್ ಸಿಗುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28,260 ಲೀಟರ್. ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಈ ಬಾವಿಗೆ ಸುಮಾರು 71 ಗ್ರಾಂ ಆಯಿತು. ಮಳೆಗಾಲದ ಮೊದಲ ನೀರು ಇಳಿದಾಗ, ನೆರೆ ಬಂದಾಗ, ಊರಿನಲ್ಲಿ ಕಾಮಾಲೆ ಕಾಣಿಸಿದಾಗ ಇದರ ಇಮ್ಮಡಿ. ಚಿನ್ನದಂಗಡಿಯ ತಕ್ಕಡಿ ಬೇಡ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು.

ಪೌಡರನ್ನು ನೇರವಾಗಿ ಬಾವಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಆಮೇಲೆ ಬಕೆಟಿನ ಮುಕ್ಕಾಲು ಭಾಗ ನೀರು ತುಂಬಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನ ಅಡಿಯಲ್ಲಿ ಮೇಲೆ ಕೆಳಗೆ ಆಡಿಸಿ. ಸಂಜೆ ಈ ಕೆಲಸ ಮಾಡಿದರೆ ಬೆಳಗ್ಗೆ ಪಂಪು ಬಿಡುವ ಹೊತ್ತಿಗೆ ಸರಿಯಾಗಿರುತ್ತದೆ. ಏನೇ ಆದರೂ ಒಂದು ಗಂಟೆಯಾದರೂ ಕಾಯಬೇಕು.

ಆಮೇಲೆ ಪರೀಕ್ಷೆ. ಟ್ಯಾಂಕಿಯ ಹತ್ತಿರ ಅಲ್ಲ, ಪೈಪು ಮುಗಿಯುವ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ. ಕ್ಲೋರಿನ್ ಕಿಟ್ಟಿನ ಸಣ್ಣ ಕೊಳವೆಗೆ ನೀರು ತುಂಬಿ ಮದ್ದಿನ ಹನಿ ಹಾಕಿದರೆ ಬಣ್ಣ ಬರುತ್ತದೆ. ಆ ಬಣ್ಣವನ್ನು ಪಟ್ಟಿಯ ಬಣ್ಣದ ಜೊತೆ ಹೋಲಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣವೇ ಬರದಿದ್ದರೆ ಪೌಡರ್ ಹಳತಾಗಿದೆ, ಇಲ್ಲವೇ ದಾರಿಯಲ್ಲಿ ಕೊಳೆ ಸೇರುತ್ತಿದೆ. ಪೌಡರನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ, ಕತ್ತಲೆ ಮೂಲೆಯಲ್ಲಿ ಇಡಿ. ಪಂಪಿನ ಸ್ಟಾರ್ಟರ್ ಪಕ್ಕದಲ್ಲಿ ಮಾತ್ರ ಇಡಬೇಡಿ. ಅದರ ಗಾಳಿಗೆ ಸ್ಟಾರ್ಟರಿನ ತಾಮ್ರವೆಲ್ಲ ಹಸಿರು ಹಿಡಿದು ಕೆಡುತ್ತದೆ.

ತಿಳಿ ನೀರು ಒಳ್ಳೆಯ ನೀರೇ ಆಗಬೇಕೆಂದಿಲ್ಲ

ಈ ಮಾತನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗದ ಕಡೆ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಸುರಿಯುವುದು ನಿಂತದ್ದು 2000ದಲ್ಲಿ. ಆ ನೋವು ಇನ್ನೂ ಮನೆಮನೆಯಲ್ಲಿದೆ. ಅದಕ್ಕೇ ಪರೀಕ್ಷೆಯನ್ನು ಸರಕಾರದ ಕಾಗದದ ಕೆಲಸ ಎಂದು ನೋಡಬೇಡಿ.

ಜಲಜೀವನ್ ಮಿಷನ್ನಿನ ಪ್ರಕಾರ ಪ್ರತಿ ಊರಿನಲ್ಲಿ ಐವರು ಹೆಂಗಸರಿಗೆ ಕಿಟ್ಟಿನಿಂದ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು. ನಿಮ್ಮ ಊರಿನ ಐವರು ಯಾರು ಎಂದು ಪಂಚಾಯತಿಯಲ್ಲಿ ಕೇಳಿ. ಯಾರೂ ಇಲ್ಲದಿದ್ದರೆ ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಘಟಕದಿಂದ ಹೆಸರು ಕೊಡಿ. ಕಿಟ್ಟಿನಲ್ಲಿರುವ ಸಣ್ಣ ಬಾಟಲಿಯಲ್ಲಿ ಗುರುತಿನ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಅಂಶ ಸೇರಿದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ನಮ್ಮಲ್ಲಿ ಒಬ್ಬ ಅಕ್ಕ ಅದನ್ನು ಒಲೆಯ ಮೇಲಿನ ಅಟ್ಟದ ಪಕ್ಕ ಇಟ್ಟು, ಮಾರನೇ ದಿನ ಕಪ್ಪಾದ ಬಾಟಲಿಯನ್ನು ಮೀಟಿಂಗಿಗೆ ತಂದು ಮೇಜಿನ ಮೇಲಿಟ್ಟರು. ಅಷ್ಟು ದಿನ ಬ್ಲೀಚಿಂಗ್ ವಾಸನೆಗೆ ಜಗಳ ಮಾಡುತ್ತಿದ್ದ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಕಿಟ್ಟಿನ ಜೊತೆಗೆ ಪ್ರಯೋಗಾಲಯದ ಪರೀಕ್ಷೆಯೂ ಬೇಕು. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಶುದ್ಧ ಮಾಡಿದ ಬಾಟಲಿ ಬೇಕು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ವರದಿ ಬಂದಾಗ ನೋಡಬೇಕಾದ ಅಂಕಿಗಳು: ಪಿಎಚ್ (ನೀರಿನ ಹುಳಿ ಅಳೆಯುವ ಅಂಕಿ) 6.5ರಿಂದ 8.5ರ ಒಳಗೆ, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ (ಮಲದಿಂದ ಬರುವ ರೋಗಾಣು) ಒಂದೂ ಇರಬಾರದು. ಮುರಕಲ್ಲಿನ ಬಾವಿಗಳಲ್ಲಿ ಪಿಎಚ್ ಎಷ್ಟೋ ಸಲ 6.5ಕ್ಕಿಂತ ಕೆಳಗೆ ಇರುತ್ತದೆ. ನೀರು ಹುಳಿಯಾದಷ್ಟೂ ಕಬ್ಬಿಣದ ಪೈಪನ್ನು ಬೇಗ ತಿನ್ನುತ್ತದೆ. ಬಟ್ಟೆಗೆ ಕೆಂಪು ಹಿಡಿಯುತ್ತದೆ ಎನ್ನುವ ದೂರಿಗೆ ಬೋರ್‌ವೆಲ್ಲಿನ ಕಬ್ಬಿಣದಂಶ ಒಂದೇ ಕಾರಣ ಅಲ್ಲ, ಹಳೆಯ ಪೈಪೂ ಇರಬಹುದು.

ತಿಂಗಳಿಗೆ ಎಷ್ಟು ರೂಪಾಯಿ?

"ನೀರಿಗೂ ಹಣವಾ?" ಎಂಬ ಪ್ರಶ್ನೆ ಪ್ರತಿ ಮಹಾಸಭೆಯಲ್ಲೂ ಬರುತ್ತದೆ. ಕೋಪ ಮಾಡಿಕೊಳ್ಳಬೇಡಿ, ಲೆಕ್ಕವನ್ನು ಬೋರ್ಡಿನಲ್ಲಿ ಬರೆಯಿರಿ. ಕೆಳಗಿನದು ಲೆಕ್ಕದ ದಾರಿ ತೋರಿಸಲು ಹಿಡಿದ ಅಂಕಿ, ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಳ್ಳಿ. ವಿದ್ಯುತ್ 4500, ಪಂಪಿನವರ ಸಂಬಳ 6000, ಬ್ಲೀಚಿಂಗ್ 300, ಸಣ್ಣ ರಿಪೇರಿ 1200. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಒಂದೇ, ಮುಂದಿನ ಪಂಪಿನ ಹಣ. ಪಂಪು, ಕೇಬಲ್ಲು, ಎತ್ತಿ ಇಳಿಸುವ ಕೂಲಿ ಸೇರಿ 60,000 ಎಂದಿಟ್ಟುಕೊಳ್ಳಿ. ಅದು ಐದು ವರ್ಷ ಬಾಳಿಕೆ ಬಂದರೆ ತಿಂಗಳಿಗೆ 1000 ರೂಪಾಯಿ ಈಗಲೇ ತೆಗೆದಿಡಬೇಕು. ಒಟ್ಟು 13,000. 60 ಮನೆಗೆ ಹಂಚಿದರೆ ಒಬ್ಬರಿಗೆ ಸುಮಾರು 217. ಹತ್ತು ಮನೆ ಕೊಡದಿದ್ದರೆ ಉಳಿದವರಿಗೆ 260 ಬೀಳುತ್ತದೆ. ಈ ಕೊನೆಯ ಸಾಲನ್ನು ದೊಡ್ಡದಾಗಿ ಬರೆಯಿರಿ. ಕೊಡದ ಮನೆಯವರ ಹೆಸರು ಬರೆಯಬೇಡಿ. ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಅವಮಾನ ಮಾಡಿದರೆ ಹಣವೂ ಬರುವುದಿಲ್ಲ, ಮನಸ್ಸೂ ಹೋಗುತ್ತದೆ.

ಕುಡಿಯುವ ನೀರಿಗೆ ಹೋಸು ಸಿಕ್ಕಿಸಿ ಅಡಿಕೆ ಗಿಡಕ್ಕೆ ಬಿಡುವುದು ಇನ್ನೊಂದು ತಲೆನೋವು. ಮನೆಮನೆಗೆ ಮೀಟರ್ ಹಾಕುವುದೇ ಇದಕ್ಕೆ ಮದ್ದು. ಒಂದು ಮಿತಿಯ ತನಕ ಸಾಮಾನ್ಯ ದರ, ಅದರ ಮೇಲೆ ದರ ಏರಬೇಕು. ಮೀಟರ್ ಹಾಕಿದ ಮೇಲೆ ಯಾರ ಜೊತೆಗೂ ವಾದ ಮಾಡಬೇಕಾಗಿಲ್ಲ.

ಸಂಬಳವನ್ನು ಮಾತ್ರ ಬಾಕಿ ಇಡಬೇಡಿ. ವಿದ್ಯುತ್ ಬಿಲ್ಲು ತಪ್ಪಿದರೆ ಫ್ಯೂಸು ಕೀಳುತ್ತಾರೆ ಎಂಬ ಹೆದರಿಕೆಗೆ ಅದನ್ನು ಮೊದಲು ಕಟ್ಟಿ, ಪಂಪಿನವರಿಗೆ "ಮುಂದಿನ ತಿಂಗಳು ನೋಡುವ" ಎನ್ನುವ ಸಮಿತಿಗಳಿವೆ. ನಾವೂ ಹಾಗೆ ಮಾಡಿದ್ದೆವು. ಮೂರು ತಿಂಗಳ ನಂತರ ನಮ್ಮ ಪಂಪಿನ ಅಣ್ಣ ಒಂದು ಮಾತೂ ಆಡದೆ ಶೆಡ್ಡಿನ ಬೀಗದ ಕೈಯನ್ನು ನಮ್ಮ ಜಗಲಿಯಲ್ಲಿಟ್ಟು ಹೋದರು. ಎರಡು ದಿನ ಊರಿಗೆ ನೀರಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಬಾಕಿ ಕೊಟ್ಟು, ಕೈ ಹಿಡಿದು ಕರೆದುಕೊಂಡು ಬಂದೆವು.

ಬಾವಿಗೆ ನೀರು ಬರುವ ದಾರಿ

ಏತಡ್ಕದ ಕಡೆ ಹೋದವರಿಗೆ ಕಟ್ಟ ಗೊತ್ತು. ಮಳೆ ಹಿಂದೆ ಸರಿದು ತೋಡಿನ ನೀರು ತಗ್ಗಿದ ಮೇಲೆ ಅಡ್ಡಕ್ಕೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಹಾಕಿ ನೀರು ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮೊದಲು ಬಿಚ್ಚುತ್ತಾರೆ. ತೋಟಕ್ಕೆಂದು ಕಟ್ಟಿದ ಕಟ್ಟದಿಂದ ಬೈಲಿನ ಬಾವಿಗಳ ಮಟ್ಟವೂ ನಿಲ್ಲುತ್ತದೆ. ನಿಮ್ಮ ಯೋಜನೆಯ ಬಾವಿ ತೋಡಿನ ಬದಿಯಲ್ಲಿದ್ದರೆ, ಸಮಿತಿಯ ವರ್ಷದ ಖರ್ಚಿನಲ್ಲಿ ಒಂದು ಕಟ್ಟದ ಕೂಲಿಯನ್ನೂ ಸೇರಿಸಿ. ಹೊಸ ಬೋರ್‌ವೆಲ್ಲಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ಪದವಿನ (ಗುಡ್ಡೆಯ ಮೇಲಿನ ಬಯಲಿನ) ಮೇಲೆ ಹಳೆಯ ಮದಕ (ಮಳೆನೀರು ನಿಲ್ಲುವ ಕೆರೆ) ಇದ್ದರೆ ಹೂಳು ತೆಗೆಯಿರಿ. ಉದ್ಯೋಗ ಖಾತರಿಯಲ್ಲಿ ಮಾಡುವ ಕೆಲಸ ಇದು. ಸುರಂಗ ಇರುವ ಗುಡ್ಡೆಯ ನೆತ್ತಿಯಲ್ಲಿ ಬೋರ್‌ವೆಲ್ ಕೊರೆಯುವ ಮೊದಲು ಹತ್ತು ಸಲ ಯೋಚಿಸಿ. ಕರೆಂಟು ಇಲ್ಲದೆ ತಾನಾಗಿ ಹರಿದು ಬರುವ ನೀರು ಅದು. ಅದನ್ನು ಕಳೆದುಕೊಂಡರೆ ಮತ್ತೆ ಸಿಗುವುದು ಕಷ್ಟ. ಬಾವಿಯ ಹತ್ತಿರದ ಶಾಲೆಯ ಮಾಡಿನ (ಛಾವಣಿಯ) ನೀರನ್ನು ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಗೆ ಬಿಡಬಹುದು. 100 ಚದರ ಮೀಟರ್ ಮಾಡಿನ ಮೇಲೆ ನಮ್ಮಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಮೂರೂವರೆ ಲಕ್ಷ ಲೀಟರ್. ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ, ಮಾಡಿನ ಧೂಳೆಲ್ಲ ಹೋಗಲಿ.

ಹೋದ ನೀರು ಎಲ್ಲಿ ಹೋಗುತ್ತದೆ?

ನಮ್ಮ ಊರುಗಳಲ್ಲಿ ಒಳಚರಂಡಿ ಇಲ್ಲ. ಪ್ರತಿ ಮನೆಯ ಹಿಂದೆ ಒಂದು ಗುಂಡಿ ಇದೆ. ಅದಕ್ಕೆ ನಾವು ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟಿದ್ದೇವೆ. ಎಷ್ಟೋ ಕಡೆ ಅದಕ್ಕೆ ಅಡಿಯೇ ಇಲ್ಲ, ಮುರಕಲ್ಲಿಗೆ ನೇರ ಇಳಿಯುತ್ತದೆ. ಮುರಕಲ್ಲಿನ ಒಳಗೆ ಜೇನುಗೂಡಿನ ಹಾಗೆ ತೂತುಗಳಿವೆ. ನೀರು ಸೋಸಿಕೊಳ್ಳದೆಯೇ ಮುಂದೆ ಹೋಗುತ್ತದೆ. ಕುಡಿಯುವ ನೀರಿನ ಸಮಿತಿ ಈ ವಿಷಯವನ್ನು "ಅದು ನಮ್ಮದಲ್ಲ" ಎಂದು ಬಿಡುವಂತಿಲ್ಲ. ಬಾಟಲಿ ಕಪ್ಪಾಗುವುದು ಇಲ್ಲಿಂದಲೇ, ಅಲ್ವಾ?

ಕೇರಳದ ಕಟ್ಟಡ ನಿಯಮದ ಪ್ರಕಾರ ಬಾವಿಗೂ ಶೌಚದ ಗುಂಡಿಗೂ 7.5 ಮೀಟರ್ ದೂರ ಬೇಕು. ಒಂದು ಟೇಪು ಹಿಡಿದು ಮನೆಮನೆಗೆ ಹೋಗಿ ಅಳೆಯಿರಿ. ನಾಲ್ಕು ಸೆಂಟ್ಸ್ ಕಾಲನಿಗಳಲ್ಲಿ ಕಷ್ಟ ಗೊತ್ತಾಗುತ್ತದೆ. ನಾಲ್ಕು ಸೆಂಟ್ಸ್ ಎಂದರೆ ಸುಮಾರು 160 ಚದರ ಮೀಟರ್, ಚೌಕವಾಗಿ ಹಿಡಿದರೆ ಬದಿಗೆ ಹದಿಮೂರು ಮೀಟರೂ ಇಲ್ಲ. ಮನೆ, ಬಾವಿ, ಗುಂಡಿ ಮೂರೂ ಅದರೊಳಗೆ ಆಗಬೇಕು, ಪಕ್ಕದ ಮನೆಯ ಗುಂಡಿಯೂ ಬಾವಿಯಿಂದ ದೂರ ಇರಬೇಕು. ಆಗುವುದೇ ಇಲ್ಲ. ಅಂಥ ಕಾಲನಿಗೆ ಪೈಪಿನ ನೀರೇ ಗತಿ. ನೀರು ಕಮ್ಮಿಯಾದಾಗ ಯಾವ ಕವಲಿಗೆ ಮೊದಲು ಬಿಡಬೇಕು ಎಂಬ ಪ್ರಶ್ನೆ ಬಂದರೆ ನನ್ನ ಉತ್ತರ ಇದೇ: ಸ್ವಂತ ಬಾವಿ ಇರುವವರು ಕಾಯಬಹುದು, ಕಾಲನಿಯ ಕವಲು ಮೊದಲು.

ಹೊಸದಾಗಿ ಮಾಡುವವರಿಗೆ ಎರಡು ಗುಂಡಿಯ ಪದ್ಧತಿ ಹೇಳಿ. ಒಂದು ತುಂಬಿದ ಮೇಲೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು, ಮುಚ್ಚಿದ್ದನ್ನು ಎರಡು ವರ್ಷ ಮುಟ್ಟದೆ ಬಿಡುವುದು. ಸರಿಯಾದ ಸೆಪ್ಟಿಕ್ ಟ್ಯಾಂಕ್ ಇದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ತೆಗೆಯುವ ಲಾರಿಯವರು ಎಲ್ಲಿ ಸುರಿಯುತ್ತಾರೆ ಎಂದು ಕೇಳಿ, ಸಂಸ್ಕರಣಾ ಘಟಕದ ರಸೀದಿ ತೋರಿಸಿದ ಮೇಲೆ ಹಣ ಕೊಡಿ. ರಾತ್ರಿ ತೋಡಿಗೆ ಬಿಟ್ಟರೆ ಅದು ಕೆಳಗಿನ ಊರಿನ ಬಾವಿಗೆ ಹೋಗುತ್ತದೆ. ಸ್ನಾನದ, ಪಾತ್ರೆ ತೊಳೆದ ನೀರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬಾಳೆಯ ಬುಡಕ್ಕೆ ತಿರುಗಿಸಿದರೆ ಸಾಕು.

ಇದನ್ನು ಮಾತ್ರ ಬಹಳ ಗಟ್ಟಿಯಾಗಿ ಹೇಳುತ್ತೇನೆ. ಶೌಚದ ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ. ಒಂದೇ ನಿಮಿಷಕ್ಕೂ ಬೇಡ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾನೂನು ಅಪರಾಧ ಎನ್ನುತ್ತದೆ. ಒಳಗಿನ ವಿಷಗಾಳಿ ಎರಡು ಉಸಿರಿನಲ್ಲಿ ಕೊಲ್ಲುತ್ತದೆ, ಎತ್ತಲು ಇಳಿದವರನ್ನೂ ಬಿಡುವುದಿಲ್ಲ. ಬಾವಿಯ ಕೆಸರು ತೆಗೆಯುವಾಗಲೂ ಮೊದಲು ದೀಪ ಇಳಿಸಿ ನೋಡಿ. ದೀಪ ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು.

ಪಂಚಾಯತಿಗೆ ಹೋಗುವಾಗ

ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಈ ಹಕ್ಕು ಕೊಟ್ಟಿದೆ. ಆದರೂ ನನ್ನ ಅನುಭವದಲ್ಲಿ ಮಲಯಾಳದ ಒಂದು ಪ್ರತಿ ಜೊತೆಗಿಟ್ಟರೆ ಕೆಲಸ ಬೇಗ ಆಗುತ್ತದೆ. ಹಾಗೆಯೇ ಊರಿನ ನೋಟೀಸು, ದರಪಟ್ಟಿ ಎರಡೂ ಭಾಷೆಯಲ್ಲಿರಲಿ. ಮೀಟಿಂಗಿನಲ್ಲಿ ತುಳು, ಕನ್ನಡ, ಮಲಯಾಳ ಯಾರಿಗೆ ಯಾವುದು ಬರುತ್ತದೋ ಅದು. ಪಂಪಿನವರಿಗೆ ಓದಲು ಬರುವ ಭಾಷೆಯಲ್ಲೇ ಪಂಪಿನ ಪುಸ್ತಕ ಇರಬೇಕು.

ಕೇಳುವಾಗ "ನೀರಿಲ್ಲ, ಏನಾದರೂ ಮಾಡಿ" ಎನ್ನಬೇಡಿ. ನೋಟುಪುಸ್ತಕದ ಮೂರು ತಿಂಗಳ ಪ್ರತಿ, ನಕ್ಷೆ, ಸೋರಿಕೆಯ ಲೆಕ್ಕ ಇಟ್ಟು "ಇಂಥ ಜಾಗದಲ್ಲಿ ಇಷ್ಟು ಮೀಟರ್ ಪೈಪು ಬದಲಿಸಬೇಕು" ಎನ್ನಿ. 15ನೇ ಹಣಕಾಸು ಆಯೋಗ 2021ರಿಂದ 2026ರ ತನಕದ ಪಂಚಾಯತಿಗಳ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ, ತಲಾ ಅರ್ಧ, ಮೀಸಲಿಟ್ಟಿತ್ತು. ಈಗಿನ ವರ್ಷದ ಪಟ್ಟಿಯಲ್ಲಿ ನೀರಿಗೆ ಎಷ್ಟಿದೆ ಎಂದು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ನಾಲ್ಕು ಸಮಿತಿಗೆ ಒಂದು ಪೆಟ್ಟಿಗೆ

ಅಮೆರಿಕದ ಹಳ್ಳಿಗಳಲ್ಲಿ ಸಣ್ಣ ನೀರಿನ ಸಂಸ್ಥೆಗಳಿಗೆ ಸಹಾಯ ಮಾಡಲು ಊರೂರು ತಿರುಗುವ ತಂತ್ರಜ್ಞರಿದ್ದಾರೆ. ನಮಗೆ ಅಷ್ಟು ದೊಡ್ಡದು ಬೇಡ. ಅಕ್ಕಪಕ್ಕದ ನಾಲ್ಕೈದು ಸಮಿತಿಗಳು ಸೇರಿ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ತಿಂಗಳಿಗಿಷ್ಟು ಎಂದು ಕೊಟ್ಟು, ಎಲ್ಲ ಪಂಪು ಶೆಡ್ಡುಗಳನ್ನು ಒಂದು ಸುತ್ತು ನೋಡಿಸಬಹುದು. ಎಲ್ಲರಿಗೂ ಸೇರಿ ಒಂದು ಹೆಚ್ಚಿನ ಪಂಪು, ಒಂದು ಸ್ಟಾರ್ಟರ್, ಕೆಪಾಸಿಟರ್, ಎರಡು ಮೂರು ಅಳತೆಯ ಜಾಯಿಂಟು, ಕ್ಲೋರಿನ್ ಕಿಟ್ಟು. ಒಂದು ಮರದ ಪೆಟ್ಟಿಗೆ ತುಂಬ ಇಷ್ಟಿದ್ದರೆ ಸಾಕು. ಹೊರಗೆ ದುಡಿಯುವ ಊರಿನ ಮಕ್ಕಳು ಏನು ಕೊಡಲಿ ಎಂದು ಕೇಳಿದರೆ ಆ ಪೆಟ್ಟಿಗೆ ಕೇಳಿ, ಟ್ಯಾಂಕಿಯ ಮೇಲೆ ಹೆಸರು ಬರೆಸುವ ಬಣ್ಣ ಬೇಡ.

ಕೊನೆಗೆ, ಅಣ್ಣನಿಗೆ ಒಂದು ವಾರ ರಜೆ

ಇಷ್ಟೆಲ್ಲ ಆದ ಮೇಲೆ ಒಂದು ಪರೀಕ್ಷೆ ಇಡಿ. ಪತ್ತನಾಜೆಗೆ (ಮೇ ಕೊನೆಯ ಕಡೆ ಬರುವ ತುಳುವರ ಆಚರಣೆ) ಮೊದಲು, ಟ್ಯಾಂಕಿ ತೊಳೆದು ಮುಗಿದ ಮೇಲೆ, ಪಂಪಿನವರಿಗೆ ಸಂಬಳ ಸಹಿತ ಒಂದು ವಾರ ರಜೆ ಕೊಡಿ. ಫೋನ್ ಮಾಡಬೇಡಿ. ಸಮಿತಿಯವರೇ ಪುಸ್ತಕ, ನಕ್ಷೆ ಹಿಡಿದುಕೊಂಡು ಪಂಪು ನಡೆಸಿ. ಎಲ್ಲಿ ತಡವರಿಸಿದಿರಿ, ಯಾವ ಮನೆಗೆ ನೀರು ಹೋಗಲಿಲ್ಲ ಎಂದು ಬರೆದಿಡಿ. ಅವರು ಬಂದ ಮೇಲೆ ಜೊತೆಗೆ ಕೂತು ಕೇಳಿ, ನಕ್ಷೆಯಲ್ಲಿ ಇಲ್ಲದ್ದನ್ನು ತುಂಬಿಸಿ. ನಾವು ಹಾಗೆ ಕೂತ ದಿನ ನಮ್ಮ ಅಣ್ಣ ನಕ್ಷೆಯನ್ನು ಮೊಣಕಾಲ ಮೇಲಿಟ್ಟು ಹಲಸಿನ ಬುಡದ ವಾಲ್ವಿನ ಮೇಲೆ ಬೆರಳಿಟ್ಟರು. "ಇಲ್ಲಿ ಬರೆಯಿರಿ. ಹದಿನಾಲ್ಕು ಸುತ್ತು. ಹದಿನೈದನೆಯದಕ್ಕೆ ಹೋಗಬೇಡಿ, ಒಳಗಿನ ರಾಡು ಸವೆದಿದೆ, ತುಂಡಾಗುತ್ತದೆ."